ಕುಂದಿಲ್ಲದ ಕೆಲಸದ ಹಂಬಲ

ಅಚ್ಚುಕಟ್ಟುತನವು ಗುಣವೇ ಸರಿ. ಆದರೆ ತಪ್ಪಾದೀತೆಂದು ಅಂಜಿ, ಬರೆದ ಉತ್ತರಗಳನ್ನೆಲ್ಲ ಹೊಡೆದುಹಾಕಿ, ಕೊನೆಗೆ ಬರಿಯ ಹಾಳೆಯನ್ನೊಪ್ಪಿಸುವ ವಿದ್ಯಾರ್ಥಿಯ ಹಂಬಲವನ್ನು ನಾವು ಬೇನೆಯೆಂದೇ ಕರೆಯುವೆವು. ಅಂಥವರಿಗೆ ‘ಇನ್ನಷ್ಟು ಲಕ್ಷ್ಯವಿಡು’ ಎಂಬ ಬುದ್ಧಿವಾದವು ಉರಿಗೆ ತುಪ್ಪ ಸುರಿದಂತೆಯೇ.

ಧಾರವಾಡದಲ್ಲಿ 1845ರಲ್ಲಿ ಹುಟ್ಟಿದ ಮಾನಸಿಕ ಆಸ್ಪತ್ರೆಯು ಈಗ ಡಿಮ್ಹಾನ್ಸ್ ಸಂಸ್ಥೆಯಾಗಿ ಬೆಳೆದಿರುವುದು. ಅದರ ಮೆಟ್ಟಿಲೇರಿದರೆ ಜನರು ಹುಚ್ಚರೆಂದಾರೆಂಬ ನಾಚಿಕೆ ನಮಗೆ ಬೇಡ. ಮೊದಲು ಮನೆಯಿಂದಲೇ ವಿಚಾರಿಸಬೇಕೆನ್ನುವವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416ಕ್ಕೆ ಫೋನು ಮಾಡಬಹುದು. ಅಲ್ಲಿ ಹಣವಿಲ್ಲದೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು.

ಚಿಕಿತ್ಸಕರ ಶಿಕ್ಷಣವನ್ನೂ ಚಿಕಿತ್ಸೆಯ ಕ್ರಮವನ್ನೂ ಕೇಳಿಕೊಳ್ಳತಕ್ಕದ್ದು. ವಿಚಾರ-ವರ್ತನೆಗಳನ್ನು ತಿದ್ದುವ ಕ್ರಮದಲ್ಲಿ, ಕೆಲಸದೊಳಗೆ ಬೇಕೆಂದೇ ಸಣ್ಣ ಕುಂದೊಂದನ್ನುಳಿಸಿ, ಅಂಜಿದ ಅನರ್ಥವು ನಿಜವಾಗಿ ಒದಗುವುದೇ ಎಂದು ಪರೀಕ್ಷಿಸುವುದುಂಟು. ಕುಂದಿಲ್ಲದ ಚಿಕಿತ್ಸಕರನ್ನೇ ಹುಡುಕುತ್ತ ಕೂಡ್ರುವುದೂ ಈ ಬೇನೆಯ ಲಕ್ಷಣವೇ; ತಕ್ಕವರೊಬ್ಬರು ಸಿಕ್ಕೊಡನೆ ಆರಂಭಿಸುವುದು ಲೇಸು.