ದುಡ್ಡು ಯಾವ ಬಾಗಿಲಿಂದ ಬರುತ್ತೆ? ನೇಪಾಳ, ಭೂತಾನ್ ಹೇಳುವ ಎರಡು ಕಥೆ

ರಾತ್ರಿ ಹತ್ತು ಗಂಟೆ. ಆಫೀಸ್ ಕ್ಯಾಬ್‌ನಿಂದ ಇಳಿದಾಗ ನಮ್ಮ ಅಪಾರ್ಟ್‌ಮೆಂಟ್ ಗೇಟಲ್ಲಿ ದಾಜು ವಿಡಿಯೊ ಕಾಲ್‌ನಲ್ಲಿದ್ದರು. ನೇಪಾಳಿಯಲ್ಲಿ ದಾಜು ಅಂದ್ರೆ ಅಣ್ಣ. ಉಳಿದವರೆಲ್ಲ ಅವರನ್ನು 'ಬಹದ್ದೂರ್' ಅಂತ ಕರೀತಾರೆ, ಅದು ಅವರ ಹೆಸರೇ ಅಲ್ಲ. ಫೋನಿನ ಪರದೆಯಲ್ಲಿ ಮೂರು ಚೌಕ. ಒಂದರಲ್ಲಿ ಕತಾರ್‌ನಲ್ಲಿರುವ ತಮ್ಮ, ಇನ್ನೊಂದರಲ್ಲಿ ಪಶ್ಚಿಮ ನೇಪಾಳದ ಹಳ್ಳಿಯಲ್ಲಿರುವ ತಾಯಿ, ಮೂರನೆಯದರಲ್ಲಿ ಬೆಂಗಳೂರಿನ ಟ್ಯೂಬ್‌ಲೈಟ್ ಕೆಳಗೆ ಕೂತ ಇವರು.

ಕಾಲ್ ಮುಗಿದ ಮೇಲೆ ನನ್ನ ಹರಕುಮುರುಕು ಹಿಂದಿಯಲ್ಲಿ, "ಊರು ಹೇಗಿದೆ ದಾಜು?" ಅಂದೆ.

"ಚೆನ್ನಾಗಿದೆ ಸರ್. ಪಕ್ಕಾ ಮನೆ ಆಯ್ತು, ಕರೆಂಟ್ ಇದೆ, ವೈಫೈ ಇದೆ. ಮನೇಲಿ ಜನ ಮಾತ್ರ ಇಲ್ಲ."

ಆ ಮಾತು ಕೇಳಿದಾಗ ನನಗೆ ಇನ್ನೊಬ್ಬ ನೆನಪಾದ. ಎಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಭೂತಾನ್‌ನ ಹುಡುಗ ಒಬ್ಬನಿದ್ದ. ನಾವು ಒಗ್ಗರಣೆಗೆ ಹಾಕುವ ಹಸಿಮೆಣಸಿನಕಾಯಿಯನ್ನು ಅವನು ಚೀಸ್ ಹಾಕಿ ಬೇಯಿಸಿ, ಪಲ್ಯದ ಹಾಗೆ ಅನ್ನಕ್ಕೆ ಕಲಸಿ ತಿನ್ನುತ್ತಿದ್ದ. ಓದಿಗೆ ಸ್ಕಾಲರ್‌ಶಿಪ್ ಇತ್ತು. ಮುಗಿಸಿ ಊರಿಗೆ ಹೋಗಿ ಸರಕಾರಿ ಕೆಲಸ ಹಿಡಿದ. ಈಗ ಅವನಿರೋದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ.

ಎರಡೂ ಹಿಮಾಲಯದ ದೇಶ, ಎರಡಕ್ಕೂ ಸಮುದ್ರವಿಲ್ಲ, ಎರಡೂ ಭಾರತ ಮತ್ತು ಚೀನಾದ ನಡುವೆ ಇವೆ. ಒಂದನ್ನು ನಾವು 'ಬಡ ದೇಶ' ಅಂತೀವಿ, ಇನ್ನೊಂದನ್ನು 'ಖುಷಿಯ ದೇಶ' ಅಂತೀವಿ. ಹಾಗಾದ್ರೆ ಇಬ್ಬರೂ ಮನೆ ಬಿಟ್ಟದ್ದು ಯಾಕೆ? ಕೆಲವು ವಾರ ಇದನ್ನೇ ಓದುತ್ತಾ ಕೂತೆ. ನನಗೆ ಸಿಕ್ಕ ಉತ್ತರ ಇಲ್ಲಿದೆ.

ಮೊದಲು ಲೆಕ್ಕ

ನೇಪಾಳದ ವಿಸ್ತೀರ್ಣ ಸುಮಾರು 1.47 ಲಕ್ಷ ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಮುಕ್ಕಾಲು ಭಾಗ. 2021ರ ಜನಗಣತಿ ಪ್ರಕಾರ ಜನ 2.9 ಕೋಟಿ. ಭೂತಾನ್ ಸುಮಾರು 38 ಸಾವಿರ ಚದರ ಕಿಲೋಮೀಟರ್, ಜನ ಎಂಟು ಲಕ್ಷದೊಳಗೆ.

2022ರ ಲೆಕ್ಕದಲ್ಲಿ ಭೂತಾನ್‌ನ ತಲಾ ಆದಾಯ ವರ್ಷಕ್ಕೆ 3,700 ಡಾಲರ್ ಆಸುಪಾಸು, ನೇಪಾಳದ್ದು 1,350 ಡಾಲರ್ ಆಸುಪಾಸು. ಭೂತಾನ್ ಈ ಲೆಕ್ಕದಲ್ಲಿ ಭಾರತಕ್ಕಿಂತಲೂ ಮುಂದಿದೆ. ಬಡತನ ರೇಖೆಯ ಕೆಳಗಿರುವವರು ಭೂತಾನ್‌ನಲ್ಲಿ ಶೇ. 12.4, ನೇಪಾಳದಲ್ಲಿ ಶೇ. 20ರಷ್ಟು. ಇವು ಆಯಾ ದೇಶ ತಾನೇ ಹಾಕಿಕೊಂಡ ರೇಖೆಗಳು, ಹಾಗಾಗಿ ನೇರ ಹೋಲಿಕೆ ಪೂರ್ತಿ ಸರಿಯಲ್ಲ. ಆದ್ರೂ ದಿಕ್ಕು ಸ್ಪಷ್ಟ. ವಿಶ್ವಸಂಸ್ಥೆಯ 'ಅತಿ ಹಿಂದುಳಿದ ದೇಶಗಳ' ಪಟ್ಟಿಯಿಂದ ಭೂತಾನ್ 2023ರ ಡಿಸೆಂಬರ್‌ನಲ್ಲಿ ಹೊರಬಂತು. ನೇಪಾಳಕ್ಕೆ ನಿಗದಿಯಾದದ್ದು 2026ರ ನವೆಂಬರ್.

ಇಷ್ಟು ನೋಡಿದ್ರೆ ಮ್ಯಾಚ್ ಮುಗೀತು, ಭೂತಾನ್ ಗೆಲ್ತು ಅನ್ಸುತ್ತೆ. ಸ್ವಲ್ಪ ತಾಳಿ.

ಸಮುದ್ರ ಇಲ್ಲ ಅಂದ್ರೆ ಏನರ್ಥ?

ಸಮುದ್ರ ಇಲ್ಲದ ದೇಶಕ್ಕೆ ಬೇರೆಯವರ ಅಂಗಳ ದಾಟದೆ ಪೇಟೆಗೆ ಹೋಗಲು ದಾರಿಯಿಲ್ಲ. ಕಾಠ್ಮಂಡುವಿಗೆ ಬರುವ ಕಂಟೇನರ್ ಕೋಲ್ಕತ್ತದಲ್ಲೋ ವಿಶಾಖಪಟ್ಟಣದಲ್ಲೋ ಇಳಿದು, ರೈಲಿನಲ್ಲಿ ಬೀರ್‌ಗಂಜ್ ಗಡಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬೆಟ್ಟ ಹತ್ತಬೇಕು. ಭೂತಾನ್‌ನ ಮುಖ್ಯ ಬಾಗಿಲು ಪಶ್ಚಿಮ ಬಂಗಾಳದ ಜೈಗಾಂವ್‌ಗೆ ಅಂಟಿಕೊಂಡ ಫುಂಟ್ಶೋಲಿಂಗ್. ಚೀನಾದ ಕಡೆ ಹಿಮಾಲಯವೇ ಗೋಡೆ.

ಎರಡೂ ದೇಶದ ಹಣ ನಮ್ಮ ರೂಪಾಯಿಗೇ ಗಂಟುಬಿದ್ದಿದೆ. ಭೂತಾನ್‌ನ 1 ಙುಲ್ಟ್ರಂ ಅಂದ್ರೆ 1 ರೂಪಾಯಿ. ನಮ್ಮ 1 ರೂಪಾಯಿಗೆ ನೇಪಾಳದ 1.60 ರೂಪಾಯಿ, 1993ರಿಂದ ಇದೇ ದರ.

ಬಾಗಿಲು ಒಂದೇ ಇದ್ದಾಗ ಏನಾಗುತ್ತೆ ಅನ್ನೋದನ್ನು ನೇಪಾಳ 2015ರಲ್ಲಿ ಕಂಡಿತು. ಆ ಏಪ್ರಿಲ್‌ನ ಭೂಕಂಪದಲ್ಲಿ ಸುಮಾರು 9 ಸಾವಿರ ಜನ ಸತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು, ತರಾಯಿಯ ಮಧೇಶಿಗಳು ಪ್ರತಿಭಟನೆಗೆ ಇಳಿದರು, ಗಡಿಯಲ್ಲಿ ಲಾರಿಗಳು ನಿಂತವು. ಇದು ಭಾರತದ ದಿಗ್ಬಂಧನ ಅಂತ ನೇಪಾಳ ಹೇಳಿತು. ನಾವಲ್ಲ ಅಂತ ಭಾರತ ಹೇಳಿತು. ಯಾರು ಹೇಳಿದ್ದು ಸರಿ ಅನ್ನೋ ಜಗಳ ಇವತ್ತಿಗೂ ಇದೆ, ಆದರೆ ಸುಮಾರು ಐದು ತಿಂಗಳು ಅಲ್ಲಿನ ಅಡುಗೆಮನೆಗಳಿಗೆ ಗ್ಯಾಸ್ ಸರಿಯಾಗಿ ಬರಲಿಲ್ಲ. ಅರ್ಧ ತುಂಬಿದ ಸಿಲಿಂಡರ್‌ಗೂ ಉದ್ದದ ಕ್ಯೂ. ನಗರದ ಮನೆಗಳಲ್ಲೂ ಸೌದೆ ಒಲೆ ಹೊತ್ತಿಕೊಂಡಿತು.

ಭೂತಾನ್‌ಗೂ ಇದರ ಸಣ್ಣ ರುಚಿ ಸಿಕ್ಕಿದೆ. 2013ರ ಜುಲೈನಲ್ಲಿ, ಚುನಾವಣೆಗೆ ಕೆಲವೇ ದಿನ ಇರುವಾಗ, ಅಡುಗೆ ಅನಿಲ ಮತ್ತು ಸೀಮೆಎಣ್ಣೆಗೆ ಭಾರತ ಕೊಡುತ್ತಿದ್ದ ಸಬ್ಸಿಡಿ ನಿಂತಿತು. ಮತ್ತೆ ಶುರುವಾಯ್ತು ನಿಜ, ಆದ್ರೆ ಸಂದೇಶ ಎಲ್ಲರಿಗೂ ಅರ್ಥವಾಗಿತ್ತು.

ಇಲ್ಲಿವರೆಗೆ ಇಬ್ಬರದ್ದೂ ಒಂದೇ ಕಥೆ. ಬೇರೆಯಾಗೋದು ಮುಂದೆ: ಒಳಗೆ ಬರುವ ದುಡ್ಡು ಯಾವ ಬಾಗಿಲಿಂದ ಬರುತ್ತೆ ಅನ್ನೋದರಲ್ಲಿ.

ಭೂತಾನ್: ಖಜಾನೆಯ ಬಾಗಿಲು

ಭೂತಾನ್ ಮಾರೋದು ನೀರಿನ ರಭಸವನ್ನು. 1980ರ ದಶಕದ ಕೊನೆಗೆ ಶುರುವಾದ 336 ಮೆಗಾವಾಟ್‌ನ ಚುಖಾ ಜಲವಿದ್ಯುತ್ ಘಟಕಕ್ಕೆ ದುಡ್ಡು ಹಾಕಿದ್ದು ಭಾರತ: 60 ಭಾಗ ಅನುದಾನ, 40 ಭಾಗ ಸಾಲ. ಹೆಚ್ಚಿನ ವಿದ್ಯುತ್ತನ್ನು ಕೊಂಡದ್ದೂ ಭಾರತವೇ. ಆಮೇಲೆ 1,020 ಮೆಗಾವಾಟ್‌ನ ತಾಲಾ, 720 ಮೆಗಾವಾಟ್‌ನ ಮಾಂಗ್ದೆಛು ಬಂದವು.

ಈ ದುಡ್ಡು ನೇರ ಸರಕಾರದ ಖಜಾನೆಗೆ ಬೀಳುತ್ತೆ. ಖಜಾನೆ ಅದನ್ನು ಚೆನ್ನಾಗೇ ಖರ್ಚು ಮಾಡಿತು ಅಂತ ಒಪ್ಪಲೇಬೇಕು. ಆಸ್ಪತ್ರೆ ಉಚಿತ, ಸರಕಾರಿ ಶಾಲೆ ಉಚಿತ. 1999ರವರೆಗೆ ಟಿವಿಯೇ ಇರದಿದ್ದ ದೇಶದಲ್ಲಿ ಈಗ ದೂರದ ಕಣಿವೆಯಲ್ಲೂ ಕರೆಂಟ್ ಇದೆ. ಕಾಡು ಶೇ. 60ಕ್ಕಿಂತ ಕಡಿಮೆಯಾಗಬಾರದು ಅಂತ ಸಂವಿಧಾನದಲ್ಲೇ ಬರೆದಿದ್ದಾರೆ. ಪ್ರವಾಸಿಗರಿಂದ ಒಂದು ರಾತ್ರಿಗೆ 100 ಡಾಲರ್ ಶುಲ್ಕ ತಗೋತಾರೆ, ಭಾರತೀಯರಾದ ನಮಗೆ 1,200 ರೂಪಾಯಿ.

ಆದ್ರೆ ವಿದ್ಯುತ್ ಘಟಕಕ್ಕೆ ಒಂದು ಗುಣವಿದೆ. ಕಟ್ಟುವಾಗ ಸಾವಿರಾರು ಜನ ಬೇಕು, ಕಟ್ಟಿದ ಮೇಲೆ ಕೆಲವೇ ನೂರು ಜನ ಸಾಕು. ಕಟ್ಟುವ ಕೂಲಿಗೂ ಹೆಚ್ಚಾಗಿ ಬರುತ್ತಿದ್ದದ್ದು ಭಾರತದ ಕಾರ್ಮಿಕರು. ಅಂದ್ರೆ ದೇಶದ ಆದಾಯ ಏರಿತು, ಶಾಲೆಗಳು ಹುಡುಗರನ್ನು ಓದಿಸಿದವು, ಓದಿದವರಿಗೆ ಸರಕಾರಿ ಕುರ್ಚಿ ಬಿಟ್ಟರೆ ಕೂರಲು ಬೇರೆ ಜಾಗವೇ ಇರಲಿಲ್ಲ. 2022ರಲ್ಲಿ ಯುವಜನರ ನಿರುದ್ಯೋಗ ಶೇ. 28.6ಕ್ಕೆ ಮುಟ್ಟಿತು. ಸರಕಾರಿ ಕುರ್ಚಿ ಸಿಕ್ಕ ಶಿಕ್ಷಕರು, ನರ್ಸ್‌ಗಳು, ಎಂಜಿನಿಯರ್‌ಗಳೂ ರಾಜೀನಾಮೆ ಕೊಟ್ಟು ಆಸ್ಟ್ರೇಲಿಯಾ ವಿಮಾನ ಹತ್ತಿದರು. 2024ರಲ್ಲಿ ರಾಜ ಜಿಗ್ಮೆ ಖೇಸರ್ ಅಲ್ಲಿಗೆ ಹೋದಾಗ ನೋಡಲು ಸೇರಿದವರು ಸಾವಿರಾರು ಭೂತಾನೀಯರು. ಪ್ರಜೆಗಳನ್ನು ನೋಡಲು ರಾಜರೇ ಪರದೇಶಕ್ಕೆ ಹೋದ ಹಾಗಾಯ್ತು.

ಸಾಲದ ಕಥೆಯೂ ಇದೆ. ಹೊಸ ಯೋಜನೆಗಳಲ್ಲಿ ಅನುದಾನದ ಪಾಲು ಇಳಿದು ಸಾಲದ ಪಾಲು ಏರಿತು. ಪುನಾತ್ಸಾಂಗ್‌ಛು ನದಿಯ 1,200 ಮೆಗಾವಾಟ್ ಯೋಜನೆಯ ಪಕ್ಕದ ಗುಡ್ಡ 2013ರಲ್ಲಿ ಜಾರಿ, ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ದೇಶದ ಒಟ್ಟು ಸಾಲ ವಾರ್ಷಿಕ ಉತ್ಪನ್ನಕ್ಕಿಂತ ಹೆಚ್ಚಾಯ್ತು. ಈಗ ಹೊಸ ಪ್ರಯತ್ನಗಳು ನಡೀತಿವೆ. ಮಳೆಗಾಲದ ವಿದ್ಯುತ್ತಿನಿಂದ ಸರಕಾರವೇ ಬಿಟ್‌ಕಾಯಿನ್ ಮೈನಿಂಗ್ ಮಾಡುತ್ತಿದೆ. 10 ಸಾವಿರಕ್ಕೂ ಹೆಚ್ಚು ಕಾಯಿನ್ ಕೈಯಲ್ಲಿವೆ ಅಂತ 2024ರಲ್ಲಿ ಗೊತ್ತಾದಾಗ ನಮ್ಮ ಆಫೀಸಿನ ಟೀ ಟೇಬಲ್‌ನಲ್ಲೂ ಅದೇ ಮಾತು. ಅಸ್ಸಾಂ ಗಡಿಯ ಗೆಲೆಫುವಿನಲ್ಲಿ ಹೊಸ ನಗರ ಕಟ್ಟುವ ಘೋಷಣೆಯೂ ಆಗಿದೆ, ಹೋದವರು ವಾಪಸ್ ಬರಲಿ ಅನ್ನೋ ಆಸೆಯಿಂದ.

ನೇಪಾಳ: ಮನೆಯ ಬಾಗಿಲು

ನೇಪಾಳದಲ್ಲಿ ದುಡ್ಡು ಬರೋದು ಖಜಾನೆಗಲ್ಲ, ಅಮ್ಮನ ಫೋನಿಗೆ.

ವರ್ಷಕ್ಕೆ 7 ಲಕ್ಷದ ಆಸುಪಾಸು ಜನ ವಿದೇಶಿ ಕೆಲಸದ ಪರವಾನಗಿ ಪಡೀತಾರೆ, ನವೀಕರಣವೂ ಸೇರಿ. ಭಾರತಕ್ಕೆ ಬರುವವರು ಈ ಲೆಕ್ಕದಲ್ಲೇ ಇಲ್ಲ. 1950ರ ಒಪ್ಪಂದದಿಂದಾಗಿ ಅವರಿಗೆ ವೀಸಾನೂ ಬೇಡ, ಪರವಾನಗಿಯೂ ಬೇಡ. ನಮ್ಮ ದಾಜು ಬಂದದ್ದು ಹಾಗೇ. ಹೊರಗಿನವರು ಕಳಿಸುವ ಹಣ ದೇಶದ ಉತ್ಪನ್ನದ ಕಾಲು ಭಾಗದಷ್ಟಿದೆ.

1996ರಿಂದ 2006ರವರೆಗೆ ಮಾವೋವಾದಿ ಯುದ್ಧ ನಡೆದು ಸುಮಾರು 17 ಸಾವಿರ ಜನ ಸತ್ತರು. 2008ರಲ್ಲಿ ರಾಜಪ್ರಭುತ್ವ ಹೋಯಿತು. ಅಲ್ಲಿಂದ ಸರಕಾರಗಳು ಬರುತ್ತವೆ, ಬೀಳುತ್ತವೆ, ಒಬ್ಬ ಪ್ರಧಾನಿಯೂ ಐದು ವರ್ಷ ಪೂರ್ತಿ ಮಾಡಿಲ್ಲ. ಇಷ್ಟೆಲ್ಲ ಗಲಾಟೆಯ ನಡುವೆಯೂ 1995-96ರಲ್ಲಿ ಶೇ. 42 ಇದ್ದ ಬಡತನ 2010-11ಕ್ಕೆ ಶೇ. 25ಕ್ಕೆ ಇಳಿಯಿತು. ಅದರ ದೊಡ್ಡ ಪಾಲು ಮಲೇಷ್ಯಾದಲ್ಲಿ, ಕೊಲ್ಲಿ ದೇಶಗಳಲ್ಲಿ ಬೆವರು ಸುರಿಸಿದವರದ್ದು.

ಮನೆಗೆ ಬಂದ ದುಡ್ಡು ಮನೆಗೆ ಬೇಕಾದ್ದನ್ನು ಮಾಡುತ್ತೆ: ಸಾಲ ತೀರಿಸುತ್ತೆ, ಸೂರು ಹಾಕುತ್ತೆ, ಮಕ್ಕಳ ಖಾಸಗಿ ಶಾಲೆ ಫೀಸು ಕಟ್ಟುತ್ತೆ. ರಸ್ತೆಯನ್ನೋ ಆಸ್ಪತ್ರೆಯನ್ನೋ ಕಟ್ಟಲ್ಲ. ಆ ದುಡ್ಡಲ್ಲಿ ಕೊಳ್ಳುವ ಸಾಮಾನು ಬಹುಪಾಲು ಹೊರಗಿಂದಲೇ ಬರಬೇಕು, ಗಡಿಯಲ್ಲಿ ಅದಕ್ಕೆ ತೆರಿಗೆ ಬೀಳುತ್ತೆ, ಸರಕಾರ ನಡೆಯೋದಕ್ಕೆ ಆ ತೆರಿಗೆಯೇ ದೊಡ್ಡ ಆಸರೆ. ಅಂದ್ರೆ ಹುಡುಗರು ಊರು ಬಿಟ್ಟಷ್ಟೂ ಸರಕಾರದ ಗಾಡಿ ಸಲೀಸಾಗಿ ಓಡುತ್ತೆ. ಅವರನ್ನು ಊರಲ್ಲೇ ಉಳಿಸಿಕೊಳ್ಳುವ ಅವಸರ ಯಾರಿಗಿರುತ್ತೆ ಹೇಳಿ? ಇದಕ್ಕೆ ತೆತ್ತ ಬೆಲೆ ಕಾಠ್ಮಂಡು ವಿಮಾನ ನಿಲ್ದಾಣದಲ್ಲಿ ಕಾಣುತ್ತೆ. ಹೊರಡುವವರ ಸಾಲು ಒಂದು ಕಡೆ, ಬಹುತೇಕ ದಿನವೂ ಬಂದಿಳಿಯುವ ಶವಪೆಟ್ಟಿಗೆಗಳು ಇನ್ನೊಂದು ಕಡೆ.

ಬದಲಾದದ್ದೂ ಇದೆ. ಹತ್ತು ವರ್ಷದ ಹಿಂದೆ ದಿನಕ್ಕೆ 16 ಗಂಟೆವರೆಗೂ ಕರೆಂಟ್ ಹೋಗುತ್ತಿದ್ದ ದೇಶ, ತನ್ನದೇ ಜನರ ಹಣದಲ್ಲಿ 456 ಮೆಗಾವಾಟ್‌ನ ಅಪ್ಪರ್ ತಾಮಾಕೋಶಿ ಕಟ್ಟಿ, ಈಗ ಮಳೆಗಾಲದಲ್ಲಿ ಭಾರತಕ್ಕೇ ವಿದ್ಯುತ್ ಮಾರುತ್ತಿದೆ. ಅಲ್ಲಿಗೆ ಆಮದಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆಕ್ಟ್ರಿಕ್. ಪೆಟ್ರೋಲ್‌ಗೆ ಗಡಿ ನೋಡುತ್ತಾ ಕೂತ ನೆನಪು ಅಷ್ಟು ಬೇಗ ಹೋಗುತ್ತಾ?

2025ರ ಸೆಪ್ಟೆಂಬರ್‌ನಲ್ಲಿ ಸರಕಾರ ಸಾಮಾಜಿಕ ಜಾಲತಾಣಗಳನ್ನು ಬಂದ್ ಮಾಡಿತು. ಅರ್ಧ ಕುಟುಂಬ ವಿದೇಶದಲ್ಲಿರುವ ದೇಶಕ್ಕೆ ಅದು ಬರೀ ರೀಲ್ಸ್ ವಿಷಯ ಆಗಿರಲಿಲ್ಲ, ಮನೆಯ ದಾರಿಯನ್ನೇ ಮುಚ್ಚಿದ ಹಾಗಿತ್ತು. ಭ್ರಷ್ಟಾಚಾರದ ಮೇಲಿನ ಸಿಟ್ಟೂ ಸೇರಿ ಯುವಕರು ಬೀದಿಗಿಳಿದರು. 70ಕ್ಕೂ ಹೆಚ್ಚು ಜನ ಸತ್ತರು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು.

ಖುಷಿಯ ಲೆಕ್ಕದಲ್ಲಿ ಇಲ್ಲದವರು

ಈ ಎರಡು ದೇಶಗಳ ನಡುವೆ ಇನ್ನೊಂದು ಲೆಕ್ಕ ಬಾಕಿ ಇದೆ. ದಕ್ಷಿಣ ಭೂತಾನ್‌ನಲ್ಲಿ ತಲೆಮಾರುಗಳಿಂದ ನೇಪಾಳಿ ಮಾತಾಡುವ ಲ್ಹೋತ್ಸಂಪಾ ಜನರಿದ್ದರು. 1980ರ ದಶಕದ ಕೊನೆಗೆ ಅವರ ಪೌರತ್ವದ ಕಾಗದ ಕೆದಕಲಾಯಿತು, ಉಡುಪಿಗೆ ನಿಯಮ ಬಂತು, ಶಾಲೆಯಲ್ಲಿ ನೇಪಾಳಿ ಪಾಠ ನಿಂತಿತು. 1990ರ ದಶಕದ ಮೊದಲಲ್ಲಿ ಸುಮಾರು ಒಂದು ಲಕ್ಷ ಜನ ದೇಶ ಬಿಡಬೇಕಾಯ್ತು. ಪೂರ್ವ ನೇಪಾಳದ ಝಾಪಾ, ಮೊರಂಗ್ ಶಿಬಿರಗಳ ಬಿದಿರು ಗುಡಿಸಲುಗಳಲ್ಲಿ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕಳೆದರು. ಭೂತಾನ್ ಅವರನ್ನು ವಾಪಸ್ ಕರೆಸಿಕೊಳ್ಳಲಿಲ್ಲ, ನೇಪಾಳ ತನ್ನವರು ಅಂತ ಒಪ್ಪಲಿಲ್ಲ. ಕೊನೆಗೆ ಹೆಚ್ಚಿನವರು ಅಮೆರಿಕಕ್ಕೆ ಹೋಗಿ ನೆಲೆಸಿದರು. 'ಒಟ್ಟು ರಾಷ್ಟ್ರೀಯ ಸಂತೋಷ'ದ ಬಗ್ಗೆ ಭಾಷಣ ಕೇಳುವಾಗ ಇವರನ್ನೂ ನೆನಪಿಟ್ಟುಕೊಳ್ಳಬೇಕು. ತಲಾ ಆದಾಯದ ಲೆಕ್ಕ ಹಾಕುವಾಗ ಹೊರಗೆ ಕಳಿಸಿದವರ ತಲೆಯನ್ನು ಯಾರೂ ಎಣಿಸಲ್ಲ.

ಹಾಗಾದ್ರೆ ಯಾವುದು ಮುಂದೆ?

ನಮ್ಮ ಕೆಲಸದಲ್ಲಿ ಒಂದು ಅನುಭವ ಎಲ್ಲರಿಗೂ ಆಗಿರುತ್ತೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು, ಕಸ್ಟಮರ್ ಮಾತ್ರ ಫೋನ್ ಮಾಡಿ ಬೈತಾ ಇರ್ತಾನೆ. ತಪ್ಪು ಕಸ್ಟಮರ್‌ದಲ್ಲ, ನಾವು ಅಳೀತಾ ಇರೋದರಲ್ಲಿ. ಕಾಯಿಲೆ ಬಿದ್ದರೆ, ಮಗು ಶಾಲೆಗೆ ಹೋಗಬೇಕಿದ್ದರೆ ಭೂತಾನ್ ಮೇಲು. ಕೂಗಿ ಪ್ರಶ್ನೆ ಕೇಳಬೇಕಿದ್ದರೆ, ಸ್ವಂತ ಅಂಗಡಿ ಹಾಕಬೇಕಿದ್ದರೆ ನೇಪಾಳದಲ್ಲಿ ಜಾಗ ಹೆಚ್ಚು. ಆದ್ರೆ ಇಪ್ಪತ್ತೈದು ವರ್ಷದ ಹುಡುಗನೋ ಹುಡುಗಿಯೋ "ನಾಳೆ ಇಲ್ಲೇ ಏನು ಮಾಡಲಿ?" ಅಂದಾಗ ಎರಡೂ ದೇಶ ಪಾಸ್‌ಪೋರ್ಟ್ ಕಚೇರಿ ಕಡೆ ಕೈ ತೋರಿಸುತ್ತವೆ. ಖಜಾನೆಗೆ ಬಂದರೂ ಮನೆಗೆ ಬಂದರೂ ಅದು ಹೊರಗಿನ ದುಡ್ಡು. ಅದರಿಂದ ಊರಲ್ಲಿ ಕೆಲಸ ಹುಟ್ಟಿಸುವುದು ಇಬ್ಬರಿಗೂ ಬಾಕಿ ಉಳಿದ ಪಾಠ.

ಮೊನ್ನೆ ದಾಜು ತಾವಾಗೇ ಮಾತಿಗೆ ಬಂದರು. ಮಗಳು ಕಾಠ್ಮಂಡುವಿನಲ್ಲಿ ಕಂಪ್ಯೂಟರ್ ಓದುತ್ತಿದ್ದಾಳಂತೆ. "ನೀವು ಅದೇ ಕೆಲಸದವರು ಸರ್, ಹೇಳಿ. ಅವಳು ಅಲ್ಲೇ ಇದ್ದು ಕೆಲಸ ಮಾಡಬಹುದಾ? ಇಲ್ಲ ಅವಳೂ ಎಲ್ಲಾದರೂ ಹೋಗಲೇಬೇಕಾ?"

ಕಾಠ್ಮಂಡುವಿನಲ್ಲಿ ಕೂತು ಅಮೆರಿಕದ ಕಂಪನಿಗಳಿಗೆ ಕೋಡ್ ಬರೆಯುವವರು ಇದ್ದಾರೆ. ಕೋಡ್ ಕೋಲ್ಕತ್ತ ಬಂದರಿನಲ್ಲಿ ಕಾಯಬೇಕಿಲ್ಲ, ಕರೆಂಟ್ ಮತ್ತು ಇಂಟರ್‌ನೆಟ್ ಇದ್ದರೆ ಸಾಕು. ಅಷ್ಟು ಹೇಳಿದೆ. ಅವಳ ರೆಸ್ಯೂಮೆ ಕಳಿಸಿ, ನೋಡ್ತೀನಿ ಅಂತಲೂ ಅಂದೆ. ಅವರು ತಲೆಯಾಡಿಸಿ, ಬಂದ ಕಾರಿಗೆ ಗೇಟ್ ತೆಗೆಯಲು ಎದ್ದರು.

ರೆಸ್ಯೂಮೆ ನಿನ್ನೆ ಬಂತು. ಇವತ್ತು ರಾತ್ರಿ ಕೂತು ಓದಬೇಕು.