ಕುರಿಗಾಹಿಯ ಮನೆಯ ದುರಂತ

ದುಃಖದ ಕಥೆಗಳೆಲ್ಲವೂ ದುರಂತಗಳಲ್ಲ. ಸತ್ತ್ವಶಾಲಿಯಾದ ವ್ಯಕ್ತಿಯೊಬ್ಬನು ತಾನೇ ಕೈಗೊಂಡ ನಿರ್ಧಾರದಿಂದ, ಸರಿಪಡಿಸಲಾಗದ ಹಾನಿಗೆ ಗುರಿಯಾಗುವುದೇ ದುರಂತದ ತಿರುಳು. ಗ್ರೀಕ್ ನಾಟಕಕಾರರೂ ಷೇಕ್ಸ್‌ಪಿಯರನೂ ಅಂತಹ ನಾಯಕನನ್ನು ಬಹುಮಟ್ಟಿಗೆ ಅರಮನೆಯಲ್ಲಿ ಕಂಡರು. ಇಂಗ್ಲಿಷಿನ ರಮ್ಯಕವಿ ವರ್ಡ್ಸ್‌ವರ್ತನಾದರೋ, 1800ರಲ್ಲಿ ರಚಿಸಿದ ‘ಮೈಕೆಲ್’ ಎಂಬ ಕಥನಕವನದಲ್ಲಿ, ಅವನನ್ನು ಕುರಿಗಾಹಿಯ ಮನೆಯಲ್ಲಿ ಕಂಡನು.

ಗ್ರಾಸ್‌ಮಿಯರ್ ಕಣಿವೆಯ ವೃದ್ಧ ಮೈಕೆಲನಿಗೆ ಜೀವದ ಆಸರೆಗಳು ಎರಡೇ: ಪಿತ್ರಾರ್ಜಿತವಾದ ಭೂಮಿ ಮತ್ತು ಮುಪ್ಪಿನಲ್ಲಿ ಹುಟ್ಟಿದ ಮಗ ಲ್ಯೂಕ್. ಸೋದರನ ಮಗನಿಗೆ ಜಾಮೀನು ನಿಂತುದರಿಂದ ಅವನು ತನ್ನ ಆಸ್ತಿಯ ಸುಮಾರು ಅರ್ಧದಷ್ಟನ್ನು ತೆರಬೇಕಾಯಿತು. ಭೂಮಿಯನ್ನು ಮಾರಲೊಲ್ಲದೆ, ಹಣ ಗಳಿಸಿ ಬರಲೆಂದು ಹದಿನೆಂಟರ ಮಗನನ್ನು ನಗರದ ಬಂಧುವಿನ ಬಳಿಗೆ ಕಳುಹಿಸಿದನು. ಹೊರಡುವ ಮುನ್ನ, ತಾವಿಬ್ಬರೂ ಕಟ್ಟಬೇಕೆಂದಿದ್ದ ಕುರಿದೊಡ್ಡಿಗೆ ಅವನಿಂದಲೇ ಮೊದಲ ಕಲ್ಲನ್ನು ಇಡಿಸಿದನು. ನಗರದಲ್ಲಿ ದಾರಿತಪ್ಪಿದ ಲ್ಯೂಕ್ ಅಪಕೀರ್ತಿಗೆ ಒಳಗಾಗಿ ಕಡಲಾಚೆಗೆ ಓಡಿಹೋದನು. ಮೈಕೆಲನು ಆಮೇಲೆ ಏಳು ವರ್ಷ ಬದುಕಿದರೂ ದೊಡ್ಡಿಯನ್ನು ಮುಗಿಸಲಾರದೆ ಹೋದನು. ಅವನ ಹೆಂಡತಿಯೂ ತೀರಿಕೊಂಡ ಮೇಲೆ ಭೂಮಿ ಪರರ ಪಾಲಾಯಿತು.

ಈ ಕಥೆಯಲ್ಲಿ ಖಳನಾಯಕನಿಲ್ಲ, ರಕ್ತಪಾತವಿಲ್ಲ. ಭೂಮಿಯನ್ನು ಉಳಿಸಿಕೊಳ್ಳುವ ಹಂಬಲವೇ ಮಗನನ್ನೂ ಭೂಮಿಯನ್ನೂ ಕಳೆಯಿತು. ಮನುಷ್ಯನ ಸದ್ಗುಣವೇ ಅವನ ನಾಶಕ್ಕೆ ದಾರಿಯಾಗುವ ಈ ವಿಪರ್ಯಾಸದಲ್ಲಿ ದುರಂತದ ಮರ್ಮವಿದೆ. ಮೈಕೆಲನು ಗೋಳಿಡುವುದಿಲ್ಲ, ಎಂದಿನಂತೆ ಬೆಟ್ಟವನ್ನೇರುತ್ತಾನೆ, ಕುರಿಗಳನ್ನು ಕಾಯುತ್ತಾನೆ. ಅವನ ಆ ಮೌನಧೈರ್ಯವನ್ನು ಕಂಡಾಗ ನಮ್ಮ ಮರುಕವು ಗೌರವವಾಗಿ ಮಾರ್ಪಡುತ್ತದೆ. ಕಿರೀಟವಿಲ್ಲದವನ ಎದೆಯಲ್ಲಿಯೂ ಅರಸನ ದುಃಖದಷ್ಟೇ ಘನವಾದ ದುಃಖ ನೆಲೆಸಬಲ್ಲುದು ಎಂಬುದನ್ನು ಅರೆಕಟ್ಟಿದ ಆ ದೊಡ್ಡಿಯ ಕಲ್ಲುಗಳು ಸಾರುತ್ತವೆ.