ಬೆಂಗಳೂರಿನ ಸುತ್ತಣ ರೋಮನ್ ನಾಣ್ಯಗಳು ಮತ್ತು ಭೂಶೋಧನದ ಪ್ರಯೋಜನ

ನಾಡಿನ ಪೂರ್ವಚರಿತ್ರೆಯನ್ನು ಅರಿಯುವುದಕ್ಕೆ ಕಾವ್ಯಗಳೂ ಶಾಸನಗಳೂ ಮುಖ್ಯ ಸಾಧನಗಳೆಂಬುದು ಸರ್ವವಿದಿತ. ಆದರೆ ಇವೆರಡೂ ಮೌನವಾಗಿರುವ ಕಾಲವೂ ಉಂಟು. ಈಗಿನ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ವೀರಗಲ್ಲು ಬೆಂಗಳೂರೆಂಬ ಹೆಸರನ್ನು ಹೇಳುವುದು. ಅದು ಸುಮಾರು ಕ್ರಿ. ಶ. 890ರದು. ಅದಕ್ಕೆ ಎಷ್ಟೋ ಶತಮಾನಗಳ ಹಿಂದೆ ಈ ಸೀಮೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ನೆಲವೇ ಸಾಕ್ಷಿ ನುಡಿಯಬೇಕು.

ಅಂತಹ ಸಾಕ್ಷಿ ಎರಡು ಬಾರಿ ದೊರೆತಿದೆ. ಪೀಣ್ಯಕ್ಕೆ ನೆರೆಯಾದ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದುವು. ವೈಟ್‌ಫೀಲ್ಡಿಗೆ ಹೋಗುವ ದಿಕ್ಕಿನಲ್ಲಿರುವ ಎಚ್‌.ಎ.ಎಲ್. ವಿಮಾನ ನಿಲ್ದಾಣದ ನೆಲದಲ್ಲಿ 1965ರಲ್ಲಿ 256 ನಾಣ್ಯಗಳು ಹೊರಬಂದುವು. ಯಶವಂತಪುರದ ನಿಧಿಯಲ್ಲಿ ಆಗಸ್ಟಸನಿಂದ ಕ್ಲಾಡಿಯಸನವರೆಗಿನ ಚಕ್ರವರ್ತಿಗಳ ನಾಣ್ಯಗಳಿವೆ. ಕ್ಲಾಡಿಯಸನು ಪಟ್ಟಕ್ಕೆ ಬಂದುದು ಕ್ರಿ. ಶ. 41ರಲ್ಲಿ, ಆದುದರಿಂದ ಈ ನಿಧಿಯನ್ನು ಅದಕ್ಕೆ ಮುಂಚೆ ಹೂಳಿರಲಾರರು. ಕಡಲಿನಿಂದ ದೂರವಾದ ಈ ಎತ್ತರದ ಬಯಲಿಗೂ ಪಶ್ಚಿಮದೇಶದ ಬೆಳ್ಳಿ ತಲಪಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

ಆದರೆ ಹೂಳಿದವರು ಯಾರು, ಎಷ್ಟು ಕಾಲದ ಮೇಲೆ ಹೂಳಿದರು, ಅವರ ಊರು ಎಲ್ಲಿತ್ತು ಎಂಬ ಪ್ರಶ್ನೆಗಳಿಗೆ ನಾಣ್ಯಗಳು ತಾವಾಗಿಯೇ ಉತ್ತರ ಕೊಡಲಾರವು. ಉತ್ತರವು ಅವುಗಳ ಸುತ್ತಣ ಮಣ್ಣಿನಲ್ಲಿ ಅಡಗಿರುತ್ತದೆ. ಇದಕ್ಕೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯೇ ನಿದರ್ಶನ. ಅಲ್ಲಿ ಎಂ. ಎಚ್. ಕೃಷ್ಣರು 1929ರಲ್ಲಿಯೂ ಮಾರ್ಟಿಮರ್ ವೀಲರರು 1947ರಲ್ಲಿಯೂ ಅಗೆತ ನಡೆಸಿದರು. ರೋಮನ್ ನಾಣ್ಯ, ಶಾತವಾಹನರ ಕಾಲದ ನಾಣ್ಯ, ಮಡಕೆಯ ಚೂರು ಇವೆಲ್ಲ ಜನವಸತಿಯ ಅವಶೇಷಗಳ ನಡುವೆಯೇ ದೊರೆತುದರಿಂದ ಒಂದರ ಕಾಲವು ಮತ್ತೊಂದಕ್ಕೆ ಆಧಾರವಾಯಿತು. ಬೆಲೆಯಿಲ್ಲದ ಚೂರೂ ಪದರದ ಬಲದಿಂದ ಶಾಸನಕ್ಕೆ ಸಮಾನವಾಯಿತು. ಬೆಲೆಯುಳ್ಳ ನಾಣ್ಯವಾದರೋ ಪದರದಿಂದ ಬೇರೆಯಾದರೆ ತನ್ನ ಅರ್ಧ ಮಾತನ್ನು ಕಳೆದುಕೊಳ್ಳುವುದು.

ಹಸ್ತಪ್ರತಿಯ ಒಂದು ಓಲೆ ಕಟ್ಟಿನಿಂದ ಕಳಚಿಬಿದ್ದಾಗ ಅದರಲ್ಲಿನ ಪದ್ಯ ಉಳಿದರೂ ಪೂರ್ವಾಪರ ಸಂಬಂಧ ಕೆಡುವುದು ವಿದ್ವಾಂಸರ ಅನುಭವಕ್ಕೆ ಬಂದ ವಿಷಯವೇ ಆಗಿದೆ. ಭೂಮಿಯ ಪದರಗಳೂ ಅಂತಹ ಕಟ್ಟೇ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಕಾರ್ಖಾನೆಗೂ ಕಚೇರಿಗೂ ಅಡಿಪಾಯ ತೋಡುವಾಗ ಆ ಕಟ್ಟು ಬಿಚ್ಚುತ್ತದೆ. ಓಲೆ ಕಳೆದರೆ ಬೇರೊಂದು ಪ್ರತಿ ಸಿಕ್ಕೀತು. ನೆಲದ ಈ ಗ್ರಂಥಕ್ಕೆ ಎರಡನೆಯ ಪ್ರತಿಯಿಲ್ಲ. ಆದುದರಿಂದ ದೊರೆತ ವಸ್ತುವನ್ನು ಕಾಪಾಡುವುದಷ್ಟೇ ಸಾಲದು. ಅದು ದೊರೆತ ಸ್ಥಳ, ಆಳ, ಒಡನಿದ್ದ ಚೂರುಗಳು, ಇವನ್ನು ಆಗಲೇ ಬರೆದಿಡುವುದು ಆವಶ್ಯಕ.